ತೆರೆಯ ಹಿಂದಿನ ನಾಯಕ: ಮೂರಕ್ಷರಕ್ಕೆ ಮನಸೋತ ಅಭಿಮಾನಿಗಳು!

ಅಭಿಮಾನಿ ಎಂದರೆ ಯಾರು? ಮೊದಲ ದಿನದ ಮೊದಲ ಆಟಕ್ಕೆ ಬೆಳಕು ಹರಿಯುವ ಮುನ್ನವೇ ಕ್ಯೂ ನಿಲ್ಲುವವನು. ಕಟೌಟಿಗೆ ಹಾರ ಹಾಕುವವನು. ತನ್ನ ನಾಯಕನ ಚಿತ್ರ ನೆಲ ಕಚ್ಚಿದರೂ, "ಏನ್ ಸ್ವಾಮಿ, ಇನ್ನೊಂದ್ಸಲ ನೋಡಿ, ಆಮೇಲೆ ಮಾತಾಡಿ" ಎಂದು ಜಗಳಕ್ಕೆ ನಿಲ್ಲುವವನು. ಇಂಥವರನ್ನೇ ಅಲ್ಲವೇ ನಮ್ಮ ಡಾ. ರಾಜ್ 'ಅಭಿಮಾನಿ ದೇವರುಗಳು' ಎಂದು ಬಾಯ್ತುಂಬ ಕರೆದದ್ದು?

ಆದರೆ ಓದುಗ ಮಿತ್ರರೇ, ಒಂದು ಮರದ ಪೆಟ್ಟಿಗೆಗೂ ಇಂಥ ಅಭಿಮಾನಿಗಳಿದ್ದಾರೆ ಎಂದರೆ ನಂಬುತ್ತೀರಾ? ಅದಕ್ಕೆ ಮುಖವಿಲ್ಲ. ಫೈಟಿಂಗ್ ಬರುವುದಿಲ್ಲ. ನಾಯಕಿಯ ಜೊತೆ ಮರ ಸುತ್ತುವುದಿಲ್ಲ. ಆದರೂ ನಲವತ್ತು ಐವತ್ತು ವರ್ಷಗಳಿಂದ ಅದೊಂದನ್ನೇ ನಂಬಿಕೊಂಡು, ಮನೆ ಬದಲಾದರೂ ಊರು ಬದಲಾದರೂ ಅದನ್ನು ಮಾತ್ರ ಬಿಡದೆ ಹೊತ್ತುಕೊಂಡು ಹೋದ ಮಂದಿ ಅಮೆರಿಕೆಯಲ್ಲಿದ್ದಾರೆ, ಜಪಾನಿನಲ್ಲಿದ್ದಾರೆ, ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಆ ಪೆಟ್ಟಿಗೆಯ ಮೇಲೆ ಇರುವುದು ಮೂರೇ ಮೂರು ಅಕ್ಷರ: ಜೆ.ಬಿ.ಎಲ್!

"ಅಯ್ಯೋ, ಅದಾ? ಕಾಲೇಜು ಹುಡುಗರು ಬ್ಯಾಗಿಗೆ ನೇತು ಹಾಕ್ಕೊಂಡು ಓಡಾಡ್ತಾರಲ್ಲ, ಆ ಬ್ಲೂಟೂತ್ ಡಬ್ಬಿ ತಾನೇ?" ಎಂದಿರಾ? ತಾಳಿ ಗುರುಗಳೇ, ಸ್ವಲ್ಪ ತಾಳಿ! ಆ ಡಬ್ಬಿಯ ಮೇಲಿರುವ ಹೆಸರಿನ ಹಿಂದೆ ಯಾವ ಕಥೆಗಾರನೂ ಬರೆಯದಂಥ ಒಂದು ಕಥೆಯಿದೆ. ಅದರಲ್ಲಿ ಬಡ ಹುಡುಗನಿದ್ದಾನೆ, ಹಾಲಿವುಡ್ ಇದೆ, ಗೆಳೆಯನ ಸಾವಿದೆ, ಕೋರ್ಟು ಕಚೇರಿಯ ಮಾತಿದೆ, ಕಣ್ಣಲ್ಲಿ ನೀರು ತರಿಸುವ ಅಂತ್ಯವಿದೆ. ಅಂತ್ಯದ ನಂತರ ಬರುವ ಜಯವೂ ಇದೆ. ನಾನಂತೂ ಈ ಕಥೆಯನ್ನು ಓದಿ ತಿಳಿದ ಮೇಲೆ ಸ್ಪೀಕರನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು.

ಚಲನಚಿತ್ರದ ಪತ್ರಿಕೆಯಲ್ಲಿ ಸ್ಪೀಕರಿನ ಪುರಾಣ ಏಕೆ ಎಂದು ಕೇಳಬೇಡಿ. ಈ ಹೆಸರು ಬೆಳೆದದ್ದೇ ಬೆಳ್ಳಿತೆರೆಯ ಹಿಂದೆ! ನೀವು ಎಂದಾದರೂ ಗಾಂಧಿ ಕ್ಲಾಸಿನಲ್ಲಿ ಕುಳಿತು, ಇಂಟರ್‌ವೆಲ್ಲಿನಲ್ಲಿ ತೆರೆಯ ಹತ್ತಿರ ಹೋಗಿ ನೋಡಿದ್ದರೆ ಗೊತ್ತಿರುತ್ತದೆ: ಚಿತ್ರಮಂದಿರದ ತೆರೆಯ ತುಂಬ ಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ತೂತುಗಳು. ಏಕೆ? ತೆರೆಯ ಹಿಂದೆ ನಿಂತಿರುವ ಸ್ಪೀಕರಿನ ಸದ್ದು ನಮ್ಮ ಕಡೆಗೆ ಬರಬೇಕಲ್ಲ! ನಾಯಕ ತುಟಿ ಅಲ್ಲಾಡಿಸುತ್ತಾನೆ. ಮಾತಾಡುವವನು ಅವನ ಬೆನ್ನ ಹಿಂದೆ ಕತ್ತಲಲ್ಲಿ ನಿಂತಿರುವ ಆ ಪೆಟ್ಟಿಗೆ!

ಮಾರ್ಟಿನಿ ಲ್ಯಾನ್ಸಿಂಗ್ ಆದ!

1902ರ ಜನವರಿ 14. ಅಮೆರಿಕೆಯ ಇಲಿನಾಯ್ ರಾಜ್ಯದ ಹಳ್ಳಿಗಾಡಿನಲ್ಲಿ ಕಲ್ಲಿದ್ದಲು ಗಣಿಯ ಇಂಜಿನಿಯರ್ ಒಬ್ಬನ ಮನೆಯಲ್ಲಿ ಗಂಡು ಮಗು ಹುಟ್ಟಿತು. ಹದಿನಾಲ್ಕು ಮಕ್ಕಳಲ್ಲಿ ಇದು ಒಂಬತ್ತನೆಯದು! ಹೆಸರು ಜೇಮ್ಸ್ ಮಾರ್ಟಿನಿ. ಹುಡುಗ ಕಿಲಾಡಿ. ಹನ್ನೆರಡನೇ ವಯಸ್ಸಿಗೇ ತಾನೇ ಒಂದು ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟಿದನಂತೆ. ಅದರ ಸದ್ದು ದೂರದ ಗ್ರೇಟ್ ಲೇಕ್ಸ್ ನೌಕಾನೆಲೆಯವರ ಕಿವಿಗೆ ಬಿದ್ದು, ಅವರು ಬಂದು ಅದನ್ನು ಬಿಚ್ಚಿ ಹಾಕಿಸಿದರಂತೆ. ಅವನ ಬಾಲ್ಯದ ಬಗ್ಗೆ ಎಲ್ಲರೂ ಹೇಳುವ ಕಥೆ ಇದು.

ದೊಡ್ಡವನಾದ ಮೇಲೆ ಮೋಟಾರು ಮೆಕ್ಯಾನಿಕ್ ಕೆಲಸ. 1924ರಲ್ಲಿ ತಾಯಿ ತೀರಿಕೊಂಡರು. ಊರಿನ ಋಣ ಹರಿಯಿತು ಎಂದು ಹೊರಟವನು ಸಾಲ್ಟ್ ಲೇಕ್ ಸಿಟಿ ಸೇರಿದ. ಅಲ್ಲಿ ರೇಡಿಯೋ ಕೆಲಸ, ಅಲ್ಲೇ ಗ್ಲೆನ್ನಾ ಎಂಬಾಕೆಯ ಪರಿಚಯ, ಮದುವೆ. ಕೆನ್ ಡೆಕ್ಕರ್ ಎಂಬ ಗೆಳೆಯನೂ ಸಿಕ್ಕಿದ್ದು ಅಲ್ಲೇ. ಇಬ್ಬರೂ ಸೇರಿ ಲಾಸ್ ಏಂಜಲಿಸ್‌ಗೆ ಬಂದು 1927ರ ಮಾರ್ಚಿನಲ್ಲಿ ರೇಡಿಯೋಗಳಿಗೆ ಸ್ಪೀಕರ್ ತಯಾರಿಸುವ ಕಂಪನಿ ತೆರೆದರು. ಆ ಹೊತ್ತಿಗೇ ನಮ್ಮ ಜೇಮ್ಸ್ ತನ್ನ ಹೆಸರನ್ನು ಬದಲಾಯಿಸಿಕೊಂಡ: ಜೇಮ್ಸ್ ಬುಲ್ಲೋ ಲ್ಯಾನ್ಸಿಂಗ್! ಬುಲ್ಲೋ ಎನ್ನುವುದು ಹುಡುಗನಾಗಿದ್ದಾಗ ಅವನಿಗೆ ಆಶ್ರಯ ಕೊಟ್ಟ ಕುಟುಂಬದ ಹೆಸರು. ಅನ್ನ ಹಾಕಿದ ಮನೆಯ ಹೆಸರನ್ನು ತನ್ನ ಹೆಸರಿನ ನಡುವೆ ಇಟ್ಟುಕೊಂಡ.

ಹೆಸರು ಬದಲಾಯಿಸುವುದು ಚಿತ್ರರಂಗದವರಿಗೆ ಹೊಸದೇನೂ ಅಲ್ಲ. ಮುತ್ತುರಾಜ್ ರಾಜ್‌ಕುಮಾರ್ ಆಗಲಿಲ್ಲವೇ? ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ರಜನೀಕಾಂತ್ ಆಗಲಿಲ್ಲವೇ? ಆದರೆ ಅವರ ಹೊಸ ಹೆಸರು ಅವರಿಗೇ ಉಳಿಯಿತು. ಪಾಪ, ಲ್ಯಾನ್ಸಿಂಗ್‌ಗೆ ಆ ಭಾಗ್ಯವೂ ಇರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

1927 ಎಂದರೆ ಚಿತ್ರರಸಿಕರ ಕಿವಿ ನೆಟ್ಟಗಾಗಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ 'ದಿ ಜಾಝ್ ಸಿಂಗರ್' ತೆರೆಗೆ ಬಂತು, ಮೂಕಿ ಚಿತ್ರ ಬಾಯಿ ಬಿಟ್ಟಿತು! ಸ್ಪೀಕರ್ ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ?

ನರ್ತಕಿಯ ಬೂಟು ಎರಡು ಸಲ ಸದ್ದು ಮಾಡಿತು!

ಮಾತಿನ ಚಿತ್ರಗಳೇನೋ ಬಂದವು. ಆದರೆ ಥಿಯೇಟರುಗಳಲ್ಲಿ ಕೇಳುತ್ತಿದ್ದ ಧ್ವನಿ? ಡಬ್ಬದೊಳಗೆ ಕುಳಿತು ಮಾತಾಡಿದಂತೆ. ಕೆಳಗಿನ ಗಂಭೀರ ಸ್ವರವೂ ಇಲ್ಲ, ಮೇಲಿನ ಚುರುಕು ಸ್ವರವೂ ಇಲ್ಲ. ಇದರಿಂದ ತಲೆ ಕೆಡಿಸಿಕೊಂಡವರಲ್ಲಿ ಮುಖ್ಯನಾದವನು ಎಂ.ಜಿ.ಎಂ. ಸ್ಟುಡಿಯೋದ ಧ್ವನಿ ವಿಭಾಗದ ಮುಖ್ಯಸ್ಥ ಡಗ್ಲಸ್ ಶಿಯರರ್. ಹೌದು, ಆ ಕಾಲದ ಪ್ರಖ್ಯಾತ ತಾರೆ ನಾರ್ಮಾ ಶಿಯರರ್‌ಳ ಖಾಸಾ ಅಣ್ಣ! "ಮಾರ್ಕೆಟ್ಟಿನಲ್ಲಿರುವುದು ಬೇಡ, ನಾವೇ ಹೊಸದು ಕಟ್ಟೋಣ" ಎಂದು ಆತ ತೀರ್ಮಾನಿಸಿದ. ಜಾನ್ ಹಿಲಿಯರ್ಡ್ ಎಂಬ ಇಂಜಿನಿಯರ್ ಮುಂದೆ ನಿಂತ. ಒಳಗಿನ ಯಂತ್ರ ತಯಾರಿಸಲು ಕರೆ ಹೋದದ್ದು ಲ್ಯಾನ್ಸಿಂಗ್ ಕಂಪನಿಗೆ.

ಇಲ್ಲಿ ಒಂದು ಸ್ವಾರಸ್ಯ ಕೇಳಿ. ದೊಡ್ಡ ಸದ್ದಿಗೆ ಒಂದೇ ಸ್ಪೀಕರ್ ಸಾಲದು. ತಬಲದ 'ಢುಂ' ಬಾರಿಸುವ ಕಾಗದದ ಕೋನ್ ದೊಡ್ಡದಿರಬೇಕು, ಗೆಜ್ಜೆಯ 'ಝಲ್' ಎನ್ನಿಸುವ ತಗಡು ತೆಳ್ಳಗಿರಬೇಕು. ಆದ್ದರಿಂದ ಕೆಳಸ್ವರಕ್ಕೆ ಒಂದು, ಮೇಲ್ಸ್ವರಕ್ಕೆ ಒಂದು ಎಂದು ಎರಡು ಭಾಗ ಮಾಡುತ್ತಾರೆ. ಹಳೆಯ ಕಹಳೆಗಳಲ್ಲಿ ಕೆಳಸ್ವರ ಹಾದು ಬರುವ ದಾರಿ ಮೇಲ್ಸ್ವರದ ದಾರಿಗಿಂತ ಹಲವು ಅಡಿ ಉದ್ದ ಇತ್ತು. ಹೀಗಿರುವಾಗ ಎಲಿನಾರ್ ಪವೆಲ್ ಎಂಬ ನರ್ತಕಿಯ ಬೂಟುಕುಣಿತದ ದೃಶ್ಯ ಹಾಕಿ ನೋಡಿದರೆ, ಆಕೆ ಒಂದು ಹೆಜ್ಜೆ ಕುಟ್ಟಿದರೆ ಕಿವಿಗೆ ಎರಡು ಸಲ ಕೇಳುತ್ತಿದೆ! ಮೇಲ್ಸ್ವರ ಮೊದಲು ಬಂತು, ಕೆಳಸ್ವರ ಬಸ್ಸು ತಪ್ಪಿಸಿಕೊಂಡವನಂತೆ ಏದುಸಿರು ಬಿಡುತ್ತ ಹಿಂದಿನಿಂದ ಬಂತು. ಸದ್ದು ಒಂದು ಅಡಿ ಸಾಗಲು ಸೆಕೆಂಡಿನ ಸಾವಿರದ ಒಂದು ಭಾಗ ಬೇಕು. ಏಳೆಂಟು ಅಡಿ ವ್ಯತ್ಯಾಸವಾದರೆ ಕಿವಿ ಸುಮ್ಮನಿರುವುದಿಲ್ಲ.

ಎರಡು ದಾರಿಯನ್ನೂ ಸಮ ಮಾಡಿ, ಹೊಸ ಕಹಳೆ ಕಟ್ಟಿದರು. ಅದೇ 'ಶಿಯರರ್ ಹಾರ್ನ್'. ಇಲ್ಲಿ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತಲ್ಲ, ಸುಮಾರು ಅದೇ ಹೊತ್ತಿನಲ್ಲಿ ಅಲ್ಲಿ ಈ ಸಾಹಸ ನಡೆಯುತ್ತಿತ್ತು. ಆ ಎರಡು ಭಾಗದ ಕಹಳೆಗಾಗಿ 1936ನೇ ಸಾಲಿನ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಪ್ರಶಸ್ತಿಯ ಮೇಲಿದ್ದ ಹೆಸರು ಶಿಯರರ್ ಮತ್ತು ಎಂ.ಜಿ.ಎಂ. ಧ್ವನಿ ವಿಭಾಗದ್ದು. ಲ್ಯಾನ್ಸಿಂಗ್? ತೆರೆಯ ಹಿಂದೆ!

ಮುಂದಿನ ವರ್ಷವೇ ಆತ ಅದೇ ತತ್ತ್ವವನ್ನು ಚಿಕ್ಕದು ಮಾಡಿ, ಸ್ಟುಡಿಯೋದ ಕೋಣೆಯಲ್ಲಿ ಇಡಬಹುದಾದ 'ಐಕಾನಿಕ್' ಎಂಬ ಸ್ಪೀಕರ್ ತಂದ. ಥಿಯೇಟರಿನ ಧ್ವನಿ ಮನೆಯ ಕಡೆಗೆ ಮೊದಲ ಹೆಜ್ಜೆ ಇಟ್ಟದ್ದು ಅಲ್ಲಿ.

ಕಂಪನಿಯೂ ಹೋಯಿತು, ಹೆಸರೂ ಹೋಯಿತು

ಲ್ಯಾನ್ಸಿಂಗ್‌ನ ಕೈ ಬಂಗಾರ, ಆದರೆ ವ್ಯವಹಾರ ಗೊತ್ತಿಲ್ಲ. ಲೆಕ್ಕಪತ್ರವೆಲ್ಲ ಗೆಳೆಯ ಡೆಕ್ಕರ್‌ನದು. 1939ರಲ್ಲಿ ಆ ಗೆಳೆಯ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅಲ್ಲಿಗೆ ಕಂಪನಿಯ ಬೆನ್ನುಮೂಳೆ ಮುರಿಯಿತು. 1941ರ ಡಿಸೆಂಬರಿನಲ್ಲಿ, ಥಿಯೇಟರುಗಳ ಧ್ವನಿಯಂತ್ರ ನೋಡಿಕೊಳ್ಳುತ್ತಿದ್ದ ಆಲ್ಟೆಕ್ ಎಂಬ ಕಂಪನಿ ಲ್ಯಾನ್ಸಿಂಗ್ ಕಂಪನಿಯನ್ನು 50,000 ಡಾಲರಿಗೆ ಕೊಂಡುಕೊಂಡಿತು. ಹೊಸ ಹೆಸರು ಆಲ್ಟೆಕ್ ಲ್ಯಾನ್ಸಿಂಗ್. ಮಾಲೀಕನಾಗಿದ್ದವನು ನೌಕರನಾದ.

ಆದರೂ ಕೆಲಸ ನಿಲ್ಲಿಸಲಿಲ್ಲ ಭೂಪ! ಆ ಐದು ವರ್ಷಗಳಲ್ಲಿ ಅಲ್ಲಿ ರೂಪುಗೊಂಡದ್ದೇ 1945ರ 'ವಾಯ್ಸ್ ಆಫ್ ದಿ ಥಿಯೇಟರ್', ಹೆಸರೇ ಹೇಳುವಂತೆ ಚಿತ್ರಮಂದಿರದ ಧ್ವನಿ. ದಶಕಗಳ ಕಾಲ ಅಮೆರಿಕೆಯ ಚಿತ್ರಮಂದಿರಗಳ ತೆರೆಗಳ ಹಿಂದೆ ನಿಂತದ್ದು ಆ ಸರಣಿಯ ಪೆಟ್ಟಿಗೆಗಳೇ.

ಕರಾರು ಮುಗಿದ ಕೂಡಲೇ, 1946ರಲ್ಲಿ, ಲ್ಯಾನ್ಸಿಂಗ್ ಹೊರಬಂದು ತನ್ನದೇ ಕಂಪನಿ ತೆರೆದ. ಹೆಸರು 'ಲ್ಯಾನ್ಸಿಂಗ್ ಸೌಂಡ್'. ತಕ್ಷಣ ಆಲ್ಟೆಕ್‌ನವರ ಆಕ್ಷೇಪ ಬಂತು: ಲ್ಯಾನ್ಸಿಂಗ್ ಎಂಬ ಹೆಸರು ಈಗ ನಮ್ಮದು! ನೋಡಿ ವಿಧಿಯ ಆಟ. ತಾನೇ ಆರಿಸಿಕೊಂಡ ಹೆಸರು, ತಾನೇ ಬೆಳೆಸಿದ ಹೆಸರು. ಅದನ್ನು ಬೋರ್ಡಿನ ಮೇಲೆ ಬರೆಯಲು ಇನ್ನೊಬ್ಬರ ಒಪ್ಪಿಗೆ ಬೇಕು! ಕೊನೆಗೆ 'ಜೇಮ್ಸ್ ಬಿ. ಲ್ಯಾನ್ಸಿಂಗ್ ಸೌಂಡ್' ಎಂದು ಪೂರ್ತಿ ಹೆಸರು ಹಾಕಿಕೊಂಡ. 'ಐಕಾನಿಕ್' ಎಂಬ ತನ್ನ ಹಳೆಯ ಸ್ಪೀಕರಿನ ಹೆಸರನ್ನೂ ಬಿಡಬೇಕಾಯಿತು.

ಆ ಕಷ್ಟದ ದಿನಗಳಲ್ಲೇ ಆತ ತನ್ನ ಜೀವಮಾನದ ಕೃತಿಯನ್ನು ಕಟ್ಟಿದ: ಡಿ-130. ಹದಿನೈದು ಅಂಗುಲದ ಸ್ಪೀಕರ್. ಅದರ ಒಳಗಿನ ತಂತಿಸುರುಳಿಯ ಅಗಲವೇ ನಾಲ್ಕು ಅಂಗುಲ! ಸ್ಪೀಕರಿನ ಗುಟ್ಟು ಇಷ್ಟೇ ಸ್ವಾಮಿ: ಕಾಂತದ ನಡುವೆ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನ್. ಹಾಡು ವಿದ್ಯುತ್ತಾಗಿ ಬಂದರೆ ಸುರುಳಿ ಕುಣಿಯುತ್ತದೆ, ಅದರ ಜೊತೆ ಕೋನ್ ಕುಣಿಯುತ್ತದೆ, ಗಾಳಿ ನಡುಗುತ್ತದೆ, ಹಾಡು ಕೇಳುತ್ತದೆ. ಲ್ಯಾನ್ಸಿಂಗ್ ಮಾಡಿದ್ದೇನೆಂದರೆ, ಗುಂಡು ತಂತಿಯ ಬದಲು ಚಪ್ಪಟೆ ಅಲ್ಯೂಮಿನಿಯಂ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದ. ನಡುವೆ ಗಾಳಿ ಸಂದು ಉಳಿಯಲಿಲ್ಲ, ಕಾಂತದ ಬಲ ವ್ಯರ್ಥವಾಗಲಿಲ್ಲ. ಒಂದೆರಡು ವ್ಯಾಟ್ ಕೊಟ್ಟರೆ ಸಾಕು, ಮನೆ ತುಂಬ ಸದ್ದು! ಮುಂದೆ ಗಿಟಾರಿನವರೂ ಅದಕ್ಕೆ ಮನಸೋತು, ಫೆಂಡರ್ ಕಂಪನಿಯ ಆಂಪ್ಲಿಫೈಯರುಗಳ ಒಳಗೂ ಅದು ಹೋಗಿ ಕುಳಿತಿತು.

ಆದರೆ ಅದು ಮುಂದಿನ ಮಾತು. 1949ರಲ್ಲಿ ಸಾಲ ಕುತ್ತಿಗೆಗೆ ಬಂದಿತ್ತು. ಹಣ ಹಾಕಿದ್ದ ಕಂಪನಿ ಕೈ ಬದಲಾಗಿ, ಹೊಸ ಮಾಲೀಕರಿಗೆ ಸ್ಪೀಕರ್ ವ್ಯಾಪಾರ ಬೇಡವಾಗಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ, 47ನೇ ವಯಸ್ಸಿನಲ್ಲಿ, ಲ್ಯಾನ್ಸಿಂಗ್ ತನ್ನ ಜೀವವನ್ನು ತಾನೇ ಕಳೆದುಕೊಂಡ. ತಾನು ಸೋತೆ ಎಂದುಕೊಂಡೇ ಹೋದ ಆ ಪುಣ್ಯಾತ್ಮ. ಇನ್ನು ಐದು ವರ್ಷ ತಡೆದಿದ್ದರೆ! ಈ ಮಾತು ಬರೆಯುವಾಗ ನನಗೆ ಕೈ ಭಾರವಾಗುತ್ತದೆ. ಸೋಲು ಕಂಡಾಗಲೆಲ್ಲ ಕಥೆ ಮುಗಿಯಿತು ಎಂದುಕೊಳ್ಳುವ ತರುಣರು ಇದನ್ನು ಎರಡು ಸಲ ಓದಬೇಕು.

ಇಂಟರ್‌ವೆಲ್ ನಂತರದ ಕಥೆ

ಕಂಪನಿಯಲ್ಲಿ ವಿಲಿಯಂ ಥಾಮಸ್ ಎಂಬ ಪಾಲುದಾರನಿದ್ದ. ಲ್ಯಾನ್ಸಿಂಗ್ ತನ್ನ ಹೆಸರಿನಲ್ಲಿ 10,000 ಡಾಲರಿನ ಜೀವವಿಮೆ ಮಾಡಿಸಿ, ಅದು ಕಂಪನಿಗೆ ಸೇರುವಂತೆ ಬರೆಸಿದ್ದ. ಆ ಹಣದಿಂದ ಥಾಮಸ್ ಮುಳುಗುವ ದೋಣಿಯನ್ನು ಎತ್ತಿ ನಿಲ್ಲಿಸಿದ. ಲ್ಯಾನ್ಸಿಂಗ್‌ನ ಪತ್ನಿಯ ಪಾಲನ್ನೂ ಕೊಂಡುಕೊಂಡ. ಹೆಸರಿನ ತಕರಾರು ಮಾತ್ರ ಬಿಡಲಿಲ್ಲ. 1955ರ ಹೊತ್ತಿಗೆ "ಆಯಿತು, ನಿಮ್ಮ ಲ್ಯಾನ್ಸಿಂಗ್ ನಿಮಗೇ ಇರಲಿ" ಎಂಬಂತೆ ಮೂರಕ್ಷರ ಮಾತ್ರ ಉಳಿಸಿಕೊಂಡು, ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರು. ಆ ಚಿಹ್ನೆ ಇಂದಿಗೂ ಉಂಟು, ನಿಮ್ಮ ಗೆಳೆಯನ ಡಬ್ಬಿಯ ಮೇಲೆ ನೋಡಿ!

ಆಮೇಲೆ ಒಂದರ ಹಿಂದೊಂದು ಹಿಟ್. 1954ರಲ್ಲಿ ಮೂಲೆಯಲ್ಲಿ ನಿಲ್ಲುವ 'ಹಾರ್ಟ್ಸ್‌ಫೀಲ್ಡ್'. 'ಲೈಫ್' ಪತ್ರಿಕೆಯೇ ಅದನ್ನು ಕನಸಿನ ಸ್ಪೀಕರ್ ಎಂದು ಹೊಗಳಿತು. 1957ರಲ್ಲಿ 'ಪ್ಯಾರಗಾನ್', ಸುಮಾರು ಒಂಬತ್ತು ಅಡಿ ಅಗಲ, ಮುಂದೆ ಬಾಗಿದ ಮರದ ಹಲಗೆ. ಸ್ಪೀಕರೋ ಸಿಂಹಾಸನವೋ ಎಂಬಂತಿತ್ತು. ಕಟ್ಟಿದ್ದು ಸುಮಾರು ಒಂದು ಸಾವಿರ ಮಾತ್ರ, ಆದರೆ 1983ರವರೆಗೂ ಕಟ್ಟಿದರು. ಇಪ್ಪತ್ತೈದು ವರ್ಷ ಮೀರಿ ಓಡಿದ ಚಿತ್ರ ಇದ್ದ ಹಾಗೆ!

ಇವೆಲ್ಲ ಶ್ರೀಮಂತರ ಮಾತಾಯಿತು. ತರುಣರ ಎದೆಗೆ ಲಗ್ಗೆ ಹಾಕಿದ್ದು 1970ರಲ್ಲಿ ಬಂದ 'ಎಲ್-100'. ಧ್ವನಿಗ್ರಹಣ ಸ್ಟುಡಿಯೋಗಳಲ್ಲಿದ್ದ ಸ್ಪೀಕರಿಗೇ ವಾಲ್‌ನಟ್ ಮರದ ಅಂಗಿ ತೊಡಿಸಿ, ಮುಂದೆ ಚಾಕಲೇಟು ಬಿಲ್ಲೆಯ ಹಾಗೆ ಚೌಕ ಚೌಕವಾಗಿ ಉಬ್ಬಿದ ಕಿತ್ತಲೆ ಬಣ್ಣದ ಫೋಮ್ ಹಾಕಿದ್ದರು. "ಸ್ಟುಡಿಯೋದಲ್ಲಿ ಗಾಯಕ ಏನು ಕೇಳುತ್ತಾನೋ ಅದನ್ನೇ ನೀನೂ ಕೇಳು" ಎಂದರೆ ಯಾವ ಹುಡುಗ ತಾನೇ ಬಿಟ್ಟಾನು? ಅಮೆರಿಕದ ಕಾಲೇಜು ಹುಡುಗರು ಮುಗಿಬಿದ್ದರು.

ಪೂರ್ವ - ಪಶ್ಚಿಮ ಕದನ!

ಅಭಿಮಾನಿಗಳಿದ್ದ ಮೇಲೆ ಎದುರು ಪಕ್ಷ ಇಲ್ಲದಿರುತ್ತದೆಯೇ? ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮೆಸಾಚುಸೆಟ್ಸಿನಲ್ಲಿ, 1954ರಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ಹುಟ್ಟಿತ್ತು. ಎಡ್ಗರ್ ವಿಲ್ಚರ್ ಎಂಬಾತ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿ, ಪುಸ್ತಕದ ಕಪಾಟಿನಲ್ಲಿಡುವ ಸಣ್ಣ ಪೆಟ್ಟಿಗೆಯಿಂದ ಗುಡುಗಿನಂಥ ಕೆಳಸ್ವರ ತೆಗೆದ. ಆ ಧ್ವನಿ ಮೃದು, ಸಭ್ಯ, ಲೆಕ್ಕಾಚಾರದ್ದು. ಪಶ್ಚಿಮದ ಜೆ.ಬಿ.ಎಲ್. ಧ್ವನಿ? ಮುಂದೆ ಬಂದು ಎದೆಗೆ ಗುದ್ದುವಂಥದ್ದು!

ನಮ್ಮಲ್ಲಿ ಇಬ್ಬರು ನಾಯಕರ ಅಭಿಮಾನಿಗಳು ಟೀ ಅಂಗಡಿಯಲ್ಲಿ ಸೇರಿದರೆ ಏನಾಗುತ್ತದೋ ಅದೇ ಅಲ್ಲೂ ಆಯಿತು. "ನಿಮ್ಮದು ನಿದ್ದೆ ಬರಿಸುವ ಸ್ಪೀಕರ್" ಎಂದು ಇವರು. "ನಿಮ್ಮದು ಬರೀ ಅಬ್ಬರ, ನಿಜವಾದ ಸ್ವರ ಅಲ್ಲ" ಎಂದು ಅವರು. ನಿಜ ಹೇಳಬೇಕೆಂದರೆ ಎಲ್-100 ಕೆಲವು ಸ್ವರಗಳನ್ನು ಸ್ವಲ್ಪ ಎತ್ತಿಯೇ ತೋರಿಸುತ್ತದೆ ಎಂದು ಬಲ್ಲವರು ಆಗಲೇ ಹೇಳಿದ್ದರು. ಅಭಿಮಾನಿಗೆ ಅದು ಗೊತ್ತಿಲ್ಲವೇ? ಗೊತ್ತು. ತನ್ನ ನಾಯಕನ ಕುಣಿತ ಸ್ವಲ್ಪ ಸೊಟ್ಟ ಎಂಬುದು ಅಭಿಮಾನಿಗೆ ಗೊತ್ತಿಲ್ಲವೇ? ಆದರೂ ಶಿಳ್ಳೆ ಹೊಡೆಯುವುದನ್ನು ಬಿಡುತ್ತಾನೆಯೇ?

ಕಾಫಿ ಒಂದು ಕಪ್, ಹಾಡು ಗಂಟೆಗಟ್ಟಲೆ

ಈ ನಿಷ್ಠೆಯ ಪರಾಕಾಷ್ಠೆ ನೋಡಬೇಕಾದರೆ ಅಮೆರಿಕೆ ಬಿಟ್ಟು ಜಪಾನಿಗೆ ಬರಬೇಕು. ಯುದ್ಧದ ನಂತರ ಅಲ್ಲಿ ವಿದೇಶಿ ಗ್ರಾಮಫೋನ್ ತಟ್ಟೆಗಳ ಬೆಲೆ ಗಗನಕ್ಕೆ. ಸಾಮಾನ್ಯನಿಗೆ ಎಟುಕದು. ಆಗ ಜನಪ್ರಿಯವಾದದ್ದೇ 'ಜಾಝ್ ಕಿಸ್ಸಾ' ಎಂಬ ಕಾಫಿ ಹೋಟೆಲುಗಳು. ಒಂದು ಕಪ್ ಕಾಫಿ ತೆಗೆದುಕೊಂಡು ಗಂಟೆಗಟ್ಟಲೆ ದೊಡ್ಡ ಸ್ಪೀಕರಿನಲ್ಲಿ ಹಾಡು ಕೇಳಬಹುದು. ಹಲವು ಕಡೆ ಮಾತಾಡುವುದಕ್ಕೇ ನಿಷೇಧ! ನಮ್ಮ ಹೋಟೆಲುಗಳ 'ರಾಜಕೀಯ ಮಾತಾಡಬಾರದು' ಬೋರ್ಡಿಗಿಂತ ಒಂದು ಕೈ ಮೇಲು. ಅಲ್ಲಿ ಗೋಡೆಯುದ್ದಕ್ಕೂ ದೇವರಂತೆ ಕುಳಿತಿದ್ದವು ಆಲ್ಟೆಕ್ ಮತ್ತು ಜೆ.ಬಿ.ಎಲ್. ಎರಡೂ ಲ್ಯಾನ್ಸಿಂಗ್‌ನ ಮಕ್ಕಳೇ ತಾನೇ!

ಇಚಿನೊಸೆಕಿ ಎಂಬ ಊರಿನಲ್ಲಿ ಶೋಜಿ ಸುಗಾವಾರಾ ಎಂಬಾತ 1970ರಲ್ಲಿ 'ಬೇಸಿ' ಎಂಬ ಇಂಥದೊಂದು ಜಾಗ ತೆರೆದ. ಅಲ್ಲಿಟ್ಟದ್ದು ಜೆ.ಬಿ.ಎಲ್. ಅಲ್ಲಿಂದ ಮುಂದೆ ದಶಕಗಳ ಕಾಲ ಆತ ಸ್ಪೀಕರಿನ ಪಂಥ ಬದಲಾಯಿಸಲಿಲ್ಲ. ದಿನವೂ ಅದನ್ನೇ ತಿದ್ದುವುದು, ತೀಡುವುದು, ಕೇಳುವುದು. ಜಾಝ್ ದೊರೆ ಕೌಂಟ್ ಬೇಸಿಯೇ ಅಲ್ಲಿಗೆ ಬಂದು ಹೋದ! 2020ರಲ್ಲಿ ಈ ಮನುಷ್ಯನ ಮೇಲೆ ಒಂದು ಸಾಕ್ಷ್ಯಚಿತ್ರವೇ ತೆರೆಗೆ ಬಂತು. ಸ್ಪೀಕರ್ ನಂಬಿದವನೇ ಕೊನೆಗೆ ಬೆಳ್ಳಿತೆರೆಯ ನಾಯಕನಾದ. ಜಗತ್ಪ್ರಸಿದ್ಧ ಕಾದಂಬರಿಕಾರ ಹರುಕಿ ಮುರಕಾಮಿ ಕೂಡ ಬರಹಗಾರನಾಗುವ ಮುನ್ನ, 1974ರಲ್ಲಿ, ಟೋಕಿಯೋದಲ್ಲಿ ಜಾಝ್ ಹೋಟೆಲು ತೆರೆದಿದ್ದವರು. ಅವರ ಮನೆಯಲ್ಲೂ ಹಾಡುವುದು ಇದೇ ಮೂರಕ್ಷರದ ಪೆಟ್ಟಿಗೆ.

ಮಾಲೀಕರು ಬದಲಾದರು, ಕಾಂತ ಬದಲಾಯಿತು

ಈಗ ಬರುತ್ತದೆ ಅಭಿಮಾನಿಯ ಅಗ್ನಿಪರೀಕ್ಷೆ. ಥಾಮಸ್ 1969ರಲ್ಲಿ ಕಂಪನಿಯನ್ನು ಸಿಡ್ನಿ ಹಾರ್ಮನ್‌ಗೆ ಮಾರಿದ. ಹಾರ್ಮನ್ ಅಮೆರಿಕ ಸರ್ಕಾರದ ಹುದ್ದೆಗೆ ಹೋಗಬೇಕಾಗಿ ಬಂದಾಗ, 1977ರ ಹೊತ್ತಿಗೆ, ಅದು ಬಿಯಾಟ್ರಿಸ್ ಫುಡ್ಸ್ ಎಂಬ ಕಂಪನಿಯ ಪಾಲಾಯಿತು. ಹೆಸರೇ ಹೇಳುವಂತೆ ತಿನ್ನುವ ಪದಾರ್ಥಗಳ ಕಂಪನಿ! 1980ರಲ್ಲಿ ಹಾರ್ಮನ್ ಮತ್ತೆ ಬಂದು ವಾಪಸು ಕೊಂಡ. 2017ರಲ್ಲಿ ಹಾರ್ಮನ್ ಕಂಪನಿಯನ್ನೇ ಕೊರಿಯಾದ ಸ್ಯಾಮ್ಸಂಗ್ ಸುಮಾರು 800 ಕೋಟಿ ಡಾಲರಿಗೆ ಕೊಂಡಿತು. ಆ ಹಾರ್ಮನ್ನಿನ ಇಂಜಿನಿಯರುಗಳ ದೊಡ್ಡ ಕಚೇರಿ ನಮ್ಮ ಬೆಂಗಳೂರಿನಲ್ಲೂ ಇದೆ. ಇಲಿನಾಯ್ ಹಳ್ಳಿಯ ಹುಡುಗನ ಹೆಸರು ಎಲ್ಲಿಂದ ಎಲ್ಲಿಗೆ ಬಂತು ನೋಡಿ!

ಇದರ ನಡುವೆ ಒಳಗಿನ ಜೀವವೂ ಬದಲಾಯಿತು. ಹಳೆಯ ಸ್ಪೀಕರುಗಳ ಕಾಂತ 'ಆಲ್ನಿಕೋ', ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತದ್ದು. ಕೋಬಾಲ್ಟ್ ಹೆಚ್ಚಾಗಿ ಬರುತ್ತಿದ್ದದ್ದು ಆಫ್ರಿಕದ ಜೈರ್ ದೇಶದಿಂದ. 1978ರಲ್ಲಿ ಅಲ್ಲಿ ಗಣಿ ಪ್ರಾಂತ್ಯದಲ್ಲಿ ಯುದ್ಧ ಶುರುವಾಗಿ ಕೋಬಾಲ್ಟ್ ಬೆಲೆ ಆಕಾಶಕ್ಕೇರಿತು. ಸ್ಪೀಕರಿನವರು ವಿಧಿಯಿಲ್ಲದೆ ಫೆರೈಟ್ ಕಾಂತಕ್ಕೆ ಹೋದರು. ಇಂಜಿನಿಯರುಗಳು ಅದನ್ನೂ ಚೆನ್ನಾಗಿಯೇ ಕಟ್ಟಿದರು. ಆದರೆ ಅಭಿಮಾನಿ ಒಪ್ಪಬೇಕಲ್ಲ! 1976ರಲ್ಲಿ ಬಂದು ಜಪಾನಿನಲ್ಲಿ ಮನೆಮಾತಾದ '4343' ಎಂಬ ಸ್ಪೀಕರಿನಲ್ಲೂ, "ಆಲ್ನಿಕೋದ್ದೇ ಬೇಕು" ಎಂದು ಹುಡುಕಿ ಹೆಚ್ಚು ಹಣ ಕೊಡುವವರು ಇಂದಿಗೂ ಇದ್ದಾರೆ.

ಇನ್ನು ವಯಸ್ಸಿನ ಕಾಟ. ಆ ಕಾಲದ ಕಿತ್ತಲೆ ಫೋಮ್ ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿ ಪುಡಿ. ಹಲವು ಮಾಡೆಲುಗಳಲ್ಲಿ ಕೋನಿನ ಅಂಚಿಗಿದ್ದ ಫೋಮ್ ಉಂಗುರವೂ ಹಾಗೆಯೇ. ಅಭಿಮಾನಿ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದಿಲ್ಲ. ಹಳೆಯ ಅಂಚನ್ನು ಬ್ಲೇಡಿನಿಂದ ಕೆರೆದು, ಹೊಸ ಉಂಗುರ ಅಂಟಿಸಿ, ಸುರುಳಿ ಕಾಂತಕ್ಕೆ ಉಜ್ಜದಂತೆ ಉಸಿರು ಹಿಡಿದು ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಬೆಳಗ್ಗೆ ಹಾಡು ಹಾಕುತ್ತಾನೆ. ಅಪ್ಪ ಕೊಂಡದ್ದನ್ನು ಮಗ ರಿಪೇರಿ ಮಾಡಿಸಿ ಕೇಳುವ ಮನೆಗಳಿವೆ. ಈ ಪ್ರೀತಿ ಕಂಡೇ ಕಂಪನಿಯವರು 2018ರಲ್ಲಿ ಅದೇ ಕಿತ್ತಲೆ ಮುಖದ 'ಎಲ್-100 ಕ್ಲಾಸಿಕ್' ಅನ್ನು ಹೊಸದಾಗಿ ತಂದರು. ಹಳೇ ಚಿತ್ರಕ್ಕೆ ಹೊಸ ಪ್ರಿಂಟ್ ಹಾಕಿ ಮರುಬಿಡುಗಡೆ ಮಾಡಿದ ಹಾಗೆ!

ಹೆಸರೋ? ಕೆಲಸವೋ?

ಬಸವನಗುಡಿಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಭಾವಮೈದುನ ಅಮೆರಿಕೆಯಿಂದ ತಂದುಕೊಟ್ಟ ಎಲ್-100 ಜೋಡಿ ಅವರ ಮನೆಯ ಹಾಲಿನಲ್ಲಿ ನಲವತ್ತು ವರ್ಷ ಮೀರಿ ಹಾಡುತ್ತಿದೆ. ಭಾನುವಾರ ಬೆಳಗ್ಗೆ 'ಬಂಗಾರದ ಮನುಷ್ಯ'ದ ತಟ್ಟೆ ಹಾಕಿದರೆ ಪಿ.ಬಿ. ಶ್ರೀನಿವಾಸ್ ನಮ್ಮೆದುರಿಗೇ ಕುರ್ಚಿ ಎಳೆದುಕೊಂಡು ಕುಳಿತಂತೆ! ಒಂದು ದಿನ ನಾನು ಕೇಳಿಯೇ ಬಿಟ್ಟೆ:

"ಸಾರ್, ಇದಕ್ಕಿಂತ ಒಳ್ಳೇವು ಎಷ್ಟೋ ಬಂದಿವೆಯಲ್ಲ, ಬದಲಾಯಿಸಬೇಕು ಅನ್ನಿಸೋದಿಲ್ವಾ?"

"ಬಂದಿರಬಹುದಪ್ಪ. ಈ ಹಾಡುಗಳನ್ನ ನಾನು ಪರಿಚಯ ಮಾಡ್ಕೊಂಡಿದ್ದೇ ಈ ಪೆಟ್ಟಿಗೇಲಿ. ಇನ್ನೊಂದರಲ್ಲಿ ಕೇಳಿದ್ರೆ ಬೇರೆ ಯಾರೋ ಹಾಡಿದ ಹಾಗಿರುತ್ತೆ."

"ಆದರೆ ಕಂಪನಿ ಮೂರು ನಾಲ್ಕು ಕೈ ಬದಲಾಗಿದೆ ಸಾರ್. ಆ ಲ್ಯಾನ್ಸಿಂಗ್ ಹೋಗಿ ಎಪ್ಪತ್ತು ವರ್ಷದ ಮೇಲಾಯ್ತು. ಈಗ ಯಾರಿಗೆ ಈ ನಿಷ್ಠೆ?"

ಅವರು ನಕ್ಕು ಒಳಗಿನಿಂದ ಮೊಮ್ಮಗನ ಬ್ಲೂಟೂತ್ ಡಬ್ಬಿ ತಂದು ಪಕ್ಕದಲ್ಲಿಟ್ಟರು. "ನೋಡು, ಎರಡರ ಮೇಲೂ ಅದೇ ಮೂರಕ್ಷರ. ಇದೂ ಚೆನ್ನಾಗೇ ಇದೆ, ಸುಳ್ಳು ಹೇಳಬಾರದು. ಆದರೆ ಇದಕ್ಕೆ ಅವನ ಹೆಸರು ಬಂದಿದೆ, ಅದಕ್ಕೆ ಅವನ ಕೆಲಸ ಬಂದಿದೆ. ನಾನು ನಂಬಿರೋದು ಕೆಲಸನಪ್ಪ, ಹೆಸರನ್ನಲ್ಲ."

ಅವರ ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಗುಂಯ್‌ಗುಟ್ಟಿತು. ಯೋಚಿಸಿ ನೋಡಿ. ಆಲ್ಟೆಕ್ ಲ್ಯಾನ್ಸಿಂಗ್ ಎಂಬ ಹೆಸರೂ ಮುಂದೆ ಕಂಪ್ಯೂಟರ್ ಪಕ್ಕದ ಪ್ಲಾಸ್ಟಿಕ್ ಸ್ಪೀಕರುಗಳ ಮೇಲೆ ಬಂದು ಕುಳಿತಿತು. ಹೆಸರನ್ನು ಕೊಳ್ಳಬಹುದು, ಮಾರಬಹುದು, ಒತ್ತೆ ಇಡಬಹುದು. ಲ್ಯಾನ್ಸಿಂಗ್ ಬದುಕಿದ್ದಾಗಲೇ ಅವನಿಂದ ಕಿತ್ತುಕೊಂಡದ್ದು ಹೆಸರನ್ನೇ. ಆದರೆ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುರುಳಿ ಸುತ್ತುವ ಆ ಕೈಚಳಕವನ್ನು ಯಾವ ಕರಾರುಪತ್ರವೂ ಕಿತ್ತುಕೊಳ್ಳಲಾಗಲಿಲ್ಲ. ಅದು ಡಿ-130ರಲ್ಲಿ ಉಳಿಯಿತು, ಅವನ ನಂತರ ಬಂದವರ ಕೈಗೆ ಹೋಯಿತು. 2001ನೇ ಸಾಲಿನ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಚಿತ್ರಮಂದಿರದ ಆಧುನಿಕ ಸ್ಪೀಕರಿಗಾಗಿ ಯಾರಿಗೆ ಬಂತು ಗೊತ್ತೇ? ಜಾನ್ ಈರ್ಗಲ್, ಡಾನ್ ಕೀಲ್, ಮಾರ್ಕ್ ಎಂಗೆಬ್ರೆಟ್ಸನ್. ಮೂವರೂ ಜೆ.ಬಿ.ಎಲ್.ನಲ್ಲಿ ದುಡಿದವರು! 1936ರಲ್ಲಿ ಪ್ರಶಸ್ತಿ ಪತ್ರದಲ್ಲಿ ಇಲ್ಲದವನ ಮನೆಗೆ, 65 ವರ್ಷ ತಡವಾಗಿ, ಪ್ರಶಸ್ತಿ ತಾನಾಗಿ ನಡೆದು ಬಂತು ಎಂದೇ ನಾನು ಭಾವಿಸುತ್ತೇನೆ.

ಆದ್ದರಿಂದ ಗೆಳೆಯರೇ, ಬೋರ್ಡು ನೋಡಿ ಕೊಂಡು ಬೋರ್ಡು ಬದಲಾದಾಗ ಬಿಡುವವನು ಬರೀ ಗಿರಾಕಿ. ಕೆಲಸ ನೋಡಿ ಮನಸೋತು, ಕೆಟ್ಟಾಗ ರಿಪೇರಿ ಮಾಡಿಸಿ ಉಳಿಸಿಕೊಳ್ಳುವವನು ಅಭಿಮಾನಿ. ಮುಂದಿನ ಸಲ ಟಾಕೀಸಿನಲ್ಲಿ ನಿಮ್ಮ ನಾಯಕನ ಮೊದಲ ಡೈಲಾಗಿಗೆ ಎದೆ ಝಲ್ಲೆಂದರೆ, ಶಿಳ್ಳೆ ಖಂಡಿತ ಹೊಡೆಯಿರಿ. ಒಂದೇ ಒಂದನ್ನು ಮಾತ್ರ ತೂತು ತೂತಿನ ಆ ತೆರೆಯ ಹಿಂದೆ ಕತ್ತಲಲ್ಲಿ ನಿಂತವನಿಗಾಗಿ ಮೀಸಲಿಡಿ!